ದಂಡಿನಿಂದ ಕೃಷ್ಣರಾಜಪುರದವರೆಗೆ: ಎಲ್ ಬೋರ್ಡಿನ ದಾರಿ

ಭಾನುವಾರ ಬೆಳಗಿನ ಆರೂವರೆ ಗಂಟೆ. ಇಂದಿರಾನಗರದ ಒಳರಸ್ತೆಗಳಲ್ಲಿ ಹಾಲಿನವರು, ಪೇಪರು ಹಾಕುವ ಹುಡುಗರನ್ನು ಬಿಟ್ಟರೆ ಆಗ ಕಾಣಸಿಗುವವರು ಗಾಡಿ ಕಲಿಯುವವರು. ಬೈಕಿನ ಮುಂದೆ ಬಿಳಿ ಹಲಗೆ, ಅದರ ಮೇಲೆ ಕೆಂಪು ಬಣ್ಣದ ಎಲ್ ಅಕ್ಷರ. ಹ್ಯಾಂಡಲ್ ಹಿಡಿದವಳು ಮಗಳು. ಹಿಂದಿನ ಸೀಟಿನಲ್ಲಿ ಉಸಿರು ಬಿಗಿಹಿಡಿದು ಕೂತವರು ಅಪ್ಪ. 'ಕ್ಲಚ್ಚು ನಿಧಾನಕ್ಕೆ ಬಿಡಮ್ಮಾ' ಎಂದು ಅವರು ಹೇಳಿ ಮುಗಿಸುವಷ್ಟರಲ್ಲಿ ಗಾಡಿ ಒಮ್ಮೆ ಜಿಗಿದು ನಿಂತೇಬಿಟ್ಟಿರುತ್ತದೆ.

ಇಂಥ ಮಗಳೇ ಇನ್ನೆರಡು ವರ್ಷಕ್ಕೆ ಉನ್ನತ ವ್ಯಾಸಂಗಕ್ಕೆಂದು ಜರ್ಮನಿಗೋ ಬ್ರಿಟನ್ನಿಗೋ ಹೊರಟು ನಿಲ್ಲುತ್ತಾಳೆ. ಸೂಟ್‌ಕೇಸಿನೊಳಗೆ ಉಪ್ಪಿನಕಾಯಿ ಹೋಗುತ್ತದೆ, ಸ್ವೆಟರು ಹೋಗುತ್ತದೆ, ಅಂಕಪಟ್ಟಿಗಳು ಹೋಗುತ್ತವೆ. ಲೈಸೆನ್ಸೂ ಪರ್ಸಿನಲ್ಲಿ ಹೋಗುತ್ತದೆ. ಆದರೆ ಆ ಪುಟ್ಟ ಕಾರ್ಡು ಅಲ್ಲಿ ಎಷ್ಟು ದಿನ ನಡೆಯುತ್ತದೆ, ಆಮೇಲೆ ಏನು ಎಂದು ಯೋಚಿಸುವವರು ಕಡಿಮೆ. ಊರು ಬದಲಾದರೆ ರಸ್ತೆಯ ರೀತಿನೀತಿಯೂ ಬದಲಾಗುತ್ತದೆ. ಈ ಪಾಠವನ್ನು ಕಲಿಯಲು ವಿಮಾನವನ್ನೇ ಹತ್ತಬೇಕೆಂದಿಲ್ಲ. ಶಿವಾಜಿನಗರದಿಂದ ಹಲಸೂರು, ಇಂದಿರಾನಗರ ದಾಟಿ ಕೃಷ್ಣರಾಜಪುರದವರೆಗೆ ಒಮ್ಮೆ ಹೋಗಿಬಂದರೂ ಸಾಕು.

ಒಂದೇ ಊರು, ಎರಡು ಆಡಳಿತ

ಶಿವಾಜಿನಗರದ ಬಸ್ ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ರಸೆಲ್ ಮಾರುಕಟ್ಟೆ, ಅದರ ಎದುರಿಗೆ ಸಂತ ಮೇರಿ ಬೆಸಿಲಿಕಾ. ಸುತ್ತಲಿನ ಗಲ್ಲಿಗಳಲ್ಲಿ ಹಳೇ ಗಾಡಿಗಳ ಬಿಡಿಭಾಗಗಳ ಅಂಗಡಿಗಳು. ಉರ್ದು, ತಮಿಳು, ಕನ್ನಡ, ಇಂಗ್ಲಿಷು ಒಂದೇ ವಾಕ್ಯದಲ್ಲಿ ಬೆರೆಯುವ ಜಾಗವಿದು.

ಹಳಬರು ಈ ಕಡೆಯನ್ನು 'ದಂಡು' ಎಂದೇ ಕರೆಯುತ್ತಿದ್ದರು. 1809ರಲ್ಲಿ ಬ್ರಿಟಿಷರ ಸೈನ್ಯ ಇಲ್ಲಿ ನೆಲೆಯೂರಿತು. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದಾಗಲೂ ದಂಡಿನ ಪ್ರದೇಶ ಮಾತ್ರ 'ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್' ಎಂಬ ಹೆಸರಿನಲ್ಲಿ ಬ್ರಿಟಿಷ್ ಆಡಳಿತದಲ್ಲೇ ಉಳಿಯಿತು. ಪೇಟೆಯಲ್ಲಿ ಮಹಾರಾಜರ ಸರ್ಕಾರ, ದಂಡಿನಲ್ಲಿ ರೆಸಿಡೆಂಟರ ದರಬಾರು. ಚಿಕ್ಕಪೇಟೆಯವರು ಕಬ್ಬನ್ ಪಾರ್ಕು ದಾಟಿ ಈಚೆ ಬಂದರೆ ಕಾಯಿದೆ ಬೇರೆ, ಅಧಿಕಾರಿ ಬೇರೆ. ಈ ಪ್ರದೇಶ ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರಗಳಷ್ಟೇ ಮುಂಚೆ. ಎರಡೂ ಪುರಸಭೆಗಳು ಸೇರಿ ಒಂದೇ ನಗರಪಾಲಿಕೆಯಾದದ್ದು 1949ರಲ್ಲಿ. ಒಂದೇ ಊರಿನೊಳಗೆ ಗಡಿ ದಾಟಿದ ಅನುಭವ ಬೆಂಗಳೂರಿಗರಿಗೆ ಹೊಸದಲ್ಲ ಎಂದರೆ ತಪ್ಪಾಗಲಾರದು.

ಕಾಲು ಕಲಿತದ್ದನ್ನು ಮರೆಯುವುದು ಕಷ್ಟ

ಹಲಸೂರಿಗೆ ಬಂದರೆ ಒಂದು ಕಡೆ ಸೋಮೇಶ್ವರ ದೇವಾಲಯ, ಇನ್ನೊಂದು ಕಡೆ ಕೆರೆ, ಕೆರೆಯ ಆಚೆಗೆ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ. ಸೈನ್ಯಕ್ಕೂ ಮೋಟಾರ್‌ಸೈಕಲ್ಲಿಗೂ ಬಿಡದ ನಂಟು. ಬೆಂಗಳೂರಿನಲ್ಲೇ ನೆಲೆಯಿರುವ ಆರ್ಮಿ ಸರ್ವಿಸ್ ಕೋರ್‌ನ 'ಟೊರ್ನಾಡೋಸ್' ತಂಡ 2017ರ ನವೆಂಬರ್ 19ರಂದು ಯಲಹಂಕದ ವಾಯುನೆಲೆಯಲ್ಲಿ ಒಂದೇ 500 ಸಿ.ಸಿ. ರಾಯಲ್ ಎನ್‌ಫೀಲ್ಡ್ ಮೇಲೆ 58 ಮಂದಿಯನ್ನು ಹೊತ್ತು 1,200 ಮೀಟರ್ ಸಾಗಿ ವಿಶ್ವದಾಖಲೆ ಬರೆಯಿತು. ಅದು ವರ್ಷಗಟ್ಟಲೆ ತಾಲೀಮು ಮಾಡಿದವರ ಕಸರತ್ತು. ರಸ್ತೆಯಲ್ಲಿ ಹಿಂದೆ ಕೂರಬೇಕಾದವರು ಒಬ್ಬರೇ ಎಂಬುದನ್ನು ಕಾಲೇಜು ಹುಡುಗರು ಮರೆಯಬಾರದು.

ಈ ಭಾಗದ ಹಳೇ ಬುಲೆಟ್ ಸವಾರರಿಗೆ ಇನ್ನೊಂದು ಕಥೆ ಗೊತ್ತು. ಮದ್ರಾಸಿನಲ್ಲಿ 1955ರಿಂದ ತಯಾರಾದ ಬುಲೆಟ್ಟಿನ ಗೇರು ಬಲಗಾಲಿಗೆ, ಹಿಂಬದಿಯ ಬ್ರೇಕು ಎಡಗಾಲಿಗೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಹೊರಬಂದ ಜಾವಾ, ಯೆಜ್ಡಿಗಳಲ್ಲಿ ಇದಕ್ಕೆ ತದ್ವಿರುದ್ಧ. 1980ರ ದಶಕದಲ್ಲಿ ಬಂದ ಜಪಾನೀ ತಂತ್ರಜ್ಞಾನದ 100 ಸಿ.ಸಿ. ಬೈಕುಗಳಲ್ಲೂ ಗೇರು ಎಡಕ್ಕೇ ಇತ್ತು. ಬುಲೆಟ್ಟಿನಲ್ಲಿ ಪಳಗಿದವರು ಹೊಸ ಬೈಕು ಹತ್ತಿದರೆ, ಬ್ರೇಕು ಎಂದು ತುಳಿದದ್ದು ಗೇರಾಗುತ್ತಿತ್ತು! ತಲೆಗೆ ಒಂದೇ ದಿನದಲ್ಲಿ ತಿಳಿದದ್ದು ಕಾಲಿಗೆ ತಿಳಿಯಲು ತಿಂಗಳು ಬೇಕು. ಬೇರೆ ದೇಶದ ರಸ್ತೆಗಿಳಿಯುವವರ ಪಾಡೂ ಇದೇ.

ಹದಿನೆಂಟರ ಹೊಸ್ತಿಲು

ಹಳೇ ಮದ್ರಾಸ್ ರಸ್ತೆ ಹಿಡಿದು ಇಂದಿರಾನಗರಕ್ಕೆ ಬಂದರೆ ಲೈಸೆನ್ಸಿನ ಮಾತು ಶುರುವಾಗುತ್ತದೆ. ಬೆಂಗಳೂರು ಪೂರ್ವದ ಆರ್.ಟಿ.ಒ. ಕಚೇರಿ ಬಹುಕಾಲ ಇಲ್ಲಿನ ಬಿ.ಡಿ.ಎ. ಸಂಕೀರ್ಣದಲ್ಲಿತ್ತು, ಆಮೇಲೆ ಕಸ್ತೂರಿನಗರಕ್ಕೆ ಹೋಯಿತು. ಕೆ.ಎ. 03 ಎಂದರೆ ಆ ಕಚೇರಿಯ ಗಾಡಿ.

1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಗೇರಿನ ಬೈಕಿಗೆ 18 ವರ್ಷ ತುಂಬಿರಬೇಕು. 50 ಸಿ.ಸಿ. ಮೀರದ ಗೇರಿಲ್ಲದ ಗಾಡಿಗೆ 16 ಸಾಕು. ಅದಕ್ಕೂ ತಂದೆ ತಾಯಿಯ ಲಿಖಿತ ಒಪ್ಪಿಗೆ ಬೇಕು. ಹಾಗಿದ್ದರೂ ಟ್ಯೂಷನ್ನಿಗೆ ತಡವಾಯಿತೆಂದು 110 ಸಿ.ಸಿ. ಸ್ಕೂಟರಿನ ಕೀಲಿಯನ್ನು ಹತ್ತನೇ ತರಗತಿಯ ಹುಡುಗನ ಕೈಗಿಡುವ ಮನೆಗಳು ಎಷ್ಟಿಲ್ಲ? 2019ರ ತಿದ್ದುಪಡಿಯಾದ ಮೇಲೆ ಇದು ಸಣ್ಣ ತಪ್ಪಲ್ಲ. ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 3 ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಎಲ್ಲಕ್ಕಿಂತ ದೊಡ್ಡ ನಷ್ಟ ಮಕ್ಕಳದೇ. 25 ವರ್ಷ ತುಂಬುವವರೆಗೆ ಅವರಿಗೆ ಕಲಿಕಾ ಲೈಸೆನ್ಸೂ ಸಿಗುವುದಿಲ್ಲ. ಓದು ಮುಗಿಸಿ ವಿದೇಶಕ್ಕೆ ಹೋಗುವ ಹೊತ್ತಿಗೂ ಕೈಯಲ್ಲಿ ಕಾರ್ಡಿಲ್ಲ!

ಕಲಿಕಾ ಲೈಸೆನ್ಸಿಗೆ 6 ತಿಂಗಳ ಅವಧಿ. ಅದು ಸಿಕ್ಕ 30 ದಿನಗಳಾದ ಮೇಲೆ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಎಲ್ ಬೋರ್ಡು ಕಡ್ಡಾಯ. ಹಿಂದೆ ಕೂರುವವರು ಲೈಸೆನ್ಸುಳ್ಳ, ಗಾಡಿ ಕಲಿಸುವವರೇ ಆಗಿರಬೇಕು. ಗೆಳೆಯರ ಸವಾರಿಗೆ ಅವಕಾಶವಿಲ್ಲ.

ಎಂಟು ಹಾಕುವ ಅಂಗಳ

ತೂಗುಸೇತುವೆ ದಾಟಿ ಕೃಷ್ಣರಾಜಪುರ ತಲುಪಿದರೆ ಕೆ.ಎ. 53ರ ಸೀಮೆ. 2023ರಲ್ಲಿ ಮೆಟ್ರೊ ಇಲ್ಲಿಯವರೆಗೆ ಬಂದರೂ ಟಿನ್ ಫ್ಯಾಕ್ಟರಿಯ ಬಳಿ ಬೈಕುಗಳ ಸಾಲು ಕರಗಿಲ್ಲ. ಪರೀಕ್ಷೆಗೆ ಬಂದವರ ಬಾಯಲ್ಲಿ ಒಂದೇ ಮಾತು: 'ಎಂಟು ಹಾಕಿದೆಯಾ?' ಕಾಲು ನೆಲಕ್ಕೆ ತಾಗಿಸದೆ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಬೇಕು. ಜೋರಾಗಿ ಓಡಿಸುವುದು ಸುಲಭ, ನಿಧಾನವಾಗಿ ಓಡಿಸುವುದೇ ಕಷ್ಟ ಎಂದು ಅಲ್ಲಿ ತಿಳಿಯುತ್ತದೆ.

ಇಲ್ಲಿಯೇ ಒಂದು ಎಚ್ಚರ ಬೇಕು. ಗೇರಿಲ್ಲದ ಸ್ಕೂಟರಿನ ಲೈಸೆನ್ಸು ಗೇರಿನ ಬೈಕಿಗೆ ನಡೆಯದು. ಕಾರಿನ ಲೈಸೆನ್ಸು ಎರಡಕ್ಕೂ ನಡೆಯದು. ವಿದೇಶದ ಕಚೇರಿಗಳು ನೋಡುವುದು ಕಾರ್ಡಿನಲ್ಲಿ ಯಾವ ವರ್ಗ ಬರೆದಿದೆ ಎಂಬುದನ್ನೇ. ಮುಂದೆ ಬೈಕು ಓಡಿಸುವ ಆಸೆಯಿದ್ದರೆ ಗೇರಿನ ಮೋಟಾರ್‌ಸೈಕಲ್ಲಿನ ಪರೀಕ್ಷೆಯನ್ನು ಇಲ್ಲೇ ಮುಗಿಸಿಕೊಂಡು ಹೋಗುವುದು ಜಾಣತನ. ಜೊತೆಗೆ ಪಾಸ್‌ಪೋರ್ಟು ತೋರಿಸಿ ಆರ್.ಟಿ.ಒ.ದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯಬಹುದು. 1949ರ ಜಿನೀವಾ ಒಪ್ಪಂದದ ಆಧಾರದ ಮೇಲೆ ಕೊಡುವ ಇದರ ಆಯುಸ್ಸು ಒಂದೇ ವರ್ಷ. ಎಲ್ಲ ದೇಶಗಳೂ ಇದಕ್ಕೆ ಒಂದೇ ಬೆಲೆ ಕೊಡುವುದಿಲ್ಲ ಎಂಬುದೂ ನೆನಪಿರಲಿ.

ಅಲ್ಲಿ ಮತ್ತೆ ಅ ಆ ಇ ಈ

ಬ್ರಿಟನ್ನಿನಲ್ಲಿ ವಾಸಕ್ಕೆ ಹೋದವರು ನಮ್ಮ ಲೈಸೆನ್ಸಿನ ಮೇಲೆ 12 ತಿಂಗಳು ಓಡಿಸಬಹುದು. ಆಮೇಲೆ ಮೊದಲಿನಿಂದ ಶುರು: ತಾತ್ಕಾಲಿಕ ಲೈಸೆನ್ಸು, ಕಡ್ಡಾಯ ಪ್ರಾಥಮಿಕ ತರಬೇತಿ, ಬರಹದ ಪರೀಕ್ಷೆ, ಎರಡು ಹಂತದ ಸವಾರಿ ಪರೀಕ್ಷೆ. ಅಲ್ಲೂ ಬಿಳಿ ಹಲಗೆಯ ಮೇಲೆ ಅದೇ ಕೆಂಪು ಎಲ್. ಮೊದಲ ಹಂತದಲ್ಲಿ ಅದೇ ಎಂಟು! ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ತುರ್ತಾಗಿ ನಿಲ್ಲಿಸುವುದು ಮಾತ್ರ ನಮ್ಮವರಿಗೆ ಹೊಸದು.

ಜರ್ಮನಿಯಲ್ಲಿ ನೆಲೆಸಿದವರಿಗೆ ಸಿಗುವುದು ಸಾಮಾನ್ಯವಾಗಿ 6 ತಿಂಗಳು. ಆಮೇಲೂ ಇಲ್ಲಿನ ಕಾರ್ಡಿನ ಮೇಲೆ ಓಡಿಸಿದರೆ ಲೈಸೆನ್ಸಿಲ್ಲದೆ ಓಡಿಸಿದ ಅಪರಾಧ. ಭಾರತದ ಲೈಸೆನ್ಸನ್ನು ಅಲ್ಲಿನದಕ್ಕೆ ಬದಲಾಯಿಸಿಕೊಳ್ಳಲು ಬರಹದ ಪರೀಕ್ಷೆ, ರಸ್ತೆಯ ಪರೀಕ್ಷೆ ಎರಡನ್ನೂ ಬರೆದೇ ತೀರಬೇಕು. ಆದರೆ ಇಲ್ಲಿಂದ ಕೊಂಡೊಯ್ದ ಕಾರ್ಡಿಗೆ ಬೆಲೆಯಿಲ್ಲದಿಲ್ಲ. ಅದರಲ್ಲಿ ಆ ವರ್ಗವಿದ್ದರೆ ಹೊಸಬರಿಗೆ ಕಡ್ಡಾಯವಾದ ದುಬಾರಿ ಪಾಠಗಳ ಲೆಕ್ಕದಿಂದ ವಿನಾಯಿತಿ ಸಿಗುತ್ತದೆ. ಬರಹದ ಪರೀಕ್ಷೆ ಇಂಗ್ಲಿಷಿನಲ್ಲೂ ಇದೆ. ರಸ್ತೆಯ ಪರೀಕ್ಷೆ ಜರ್ಮನ್ ಭಾಷೆಯಲ್ಲೇ. ಪರೀಕ್ಷಕರು ಹಿಂದಿನ ಕಾರಿನಲ್ಲಿ ಕುಳಿತಿರುತ್ತಾರೆ. 'ಎಡಕ್ಕೆ', 'ಬಲಕ್ಕೆ', 'ನೇರ' ಎಂಬ ಸೂಚನೆ ರೇಡಿಯೊ ಮೂಲಕ ಸವಾರರ ಕಿವಿಗೆ ಬರುತ್ತದೆ. ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ಮ್ಯಾಕ್ಸ್ ಮ್ಯುಲರ್ ಭವನದಲ್ಲಿ ಕಲಿತ ಜರ್ಮನ್ ಹೀಗೂ ಉಪಯೋಗಕ್ಕೆ ಬಂದೀತು.

ಇದೇನು ಅನ್ಯಾಯ ಎನ್ನುವಂತಿಲ್ಲ. ಒಂದೊಂದು ದೇಶದ ಕಾಯಿದೆ ಒಂದೊಂದು ರೀತಿ. ನಮ್ಮ ಕಾಯಿದೆಯಲ್ಲಿ, ವಿದೇಶದ ಲೈಸೆನ್ಸು ಪಡೆದು ಮರಳಿದ ಭಾರತೀಯ ಪ್ರಜೆಗೆ ಆ ವರ್ಗದ ಪರೀಕ್ಷೆಯಿಂದ ವಿನಾಯಿತಿ ಉಂಟು.

ಬಲಗಡೆ ನೋಡಮ್ಮಾ

ಗಾಡಿ ಓಡಿಸುವುದು ಬರುತ್ತದೆ ಎಂಬುದಷ್ಟಕ್ಕೆ ಲೈಸೆನ್ಸು ಸಾಕ್ಷಿಯಲ್ಲ. ಆ ಊರಿನ ರಸ್ತೆಯ ಮಾತು ತಿಳಿದಿದೆ ಎಂಬುದಕ್ಕೂ ಸಾಕ್ಷಿ. ಜರ್ಮನಿಯಲ್ಲಿ ಸಿಗ್ನಲ್ಲೂ ಫಲಕವೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ದಾರಿ. ಇದನ್ನು ಮರೆತವರು ಪರೀಕ್ಷೆಯಲ್ಲಿ ನಪಾಸು. ಆಶ್ಚರ್ಯವೆಂದರೆ, ಇಂಥ ಕೂಡುರಸ್ತೆಯಲ್ಲಿ ಬಲಗಡೆಯವರಿಗೆ ದಾರಿ ಬಿಡಬೇಕೆಂದು ನಮ್ಮಲ್ಲೂ 1989ರ ರಸ್ತೆ ನಿಯಮಗಳೇ ಹೇಳಿದ್ದವು. ಇಂದಿರಾನಗರದ ಕ್ರಾಸುಗಳಲ್ಲಿ ಮಾತ್ರ ಮೊದಲು ಹಾರನ್ ಹೊಡೆದವರದೇ ದಾರಿ!

ಬೇರೆ ದೇಶದಲ್ಲಿ ಕಲಿಯಬೇಕಾದ ಪಾಠಗಳಲ್ಲಿ ಅರ್ಧ ನಮ್ಮ ಪುಸ್ತಕದಲ್ಲೇ ಇವೆ. ನಾವು ಓದಿಲ್ಲ, ಅಷ್ಟೆ. ಭಾನುವಾರ ಬೆಳಗ್ಗೆ ರಸ್ತೆ ಖಾಲಿಯಿರುವಾಗಲೇ ಆ ಪಾಠ ಸುಲಭ. ಕ್ರಾಸಿನಲ್ಲಿ ಗಾಡಿ ಮತ್ತೊಮ್ಮೆ ಜಿಗಿದು ನಿಂತಾಗ, ಹಿಂದೆ ಕೂತ ಅಪ್ಪ ಕ್ಲಚ್ಚಿನ ಮಾತಿನ ಜೊತೆಗೆ ಇನ್ನೊಂದು ಮಾತು ಸೇರಿಸಿದರೆ ಸಾಕು: 'ಬಲಗಡೆ ನೋಡಮ್ಮಾ, ಅವರು ಹೋಗಲಿ.'