ಕೋಡಂಗಿ ಬರಲೇ ಇಲ್ಲವಲ್ಲ

ಕಳೆದ ತಿಂಗಳು ಶಿವಮೊಗ್ಗದ ಒಂದು ಸಭಾಂಗಣದಲ್ಲಿ ಯಕ್ಷಗಾನ ಇತ್ತು. ಭದ್ರಾವತಿಯಿಂದ ಅಪ್ಪಯ್ಯನನ್ನು ಕರಕೊಂಡು ಹೋದೆ. ಬಸ್ಸು ಸ್ವಲ್ಪ ತಡವಾಯ್ತು. ಒಳಗೆ ಕಾಲಿಡುವಾಗಲೇ ಭಾಗವತರು ಕತೆಯ ನಡುವಿನ ಪದ ಹಾಡುತ್ತಿದ್ದರು, ವೇಷಗಳು ಆಗಲೇ ಜಗಳಕ್ಕೆ ನಿಂತಿದ್ದವು. ಮೂರು ಗಂಟೆಯ ಕಾಲಮಿತಿ ಆಟ, ಶುರುವಾಗಿದ್ದೇ ಪ್ರಸಂಗದಿಂದ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪಯ್ಯ ಹೇಳಿದ್ದು ಒಂದೇ ಮಾತು: "ಆಟ ಚಲೋ ಇತ್ತು ಮಾರಾಯ. ಆದ್ರೆ ಕೋಡಂಗಿ ಬರಲೇ ಇಲ್ಲವಲ್ಲ."

ಕೋಡಂಗಿ ಅಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆಯ ಬಡಗುತಿಟ್ಟಿನಲ್ಲಿ ರಾತ್ರಿಯಿಡೀ ಆಟ ಆಗುತ್ತಿದ್ದಾಗ ಕತೆ ನೇರವಾಗಿ ಶುರುವಾಗುತ್ತಿರಲಿಲ್ಲ. ಮೊದಲು ಚಂಡೆ, ಮದ್ದಳೆಯ ಅಬ್ಬರ. ಅದನ್ನು ಕೇಳಿ ಅಂತ ಕರೆಯುವ ಕಡೆಗಳೂ ಇವೆ. ಚೌಕಿಯಲ್ಲಿ ಗಣಪತಿ ಪೂಜೆ. ಆಮೇಲೆ ರಂಗಕ್ಕೆ ಕೋಡಂಗಿಗಳು, ಬಾಲಗೋಪಾಲರು, ಸ್ತ್ರೀವೇಷ. ಅದೆಲ್ಲ ಮುಗಿದ ಮೇಲೆ ಒಡ್ಡೋಲಗ, ಆಮೇಲೆ ಕತೆ. ಕತೆಗೆ ಮೊದಲಿನ ಇಷ್ಟನ್ನೂ ಸೇರಿಸಿ ಪೂರ್ವರಂಗ ಅನ್ನುತ್ತಾರೆ. ಅಂದಿನ ಪ್ರಸಂಗ ಭೀಷ್ಮ ವಿಜಯ ಇರಲಿ, ಕೃಷ್ಣಾರ್ಜುನ ಕಾಳಗ ಇರಲಿ, ಪೂರ್ವರಂಗ ಅದೇ.

ಯುರೋಪಿನಲ್ಲೂ ಇಂಥದ್ದೇ ಒಂದು ಇದೆ ಅಂತ ಗೊತ್ತಾಗಿದ್ದು ಮೊಬೈಲಿನಲ್ಲಿ ಏನೋ ಹುಡುಕುವಾಗ. ಅಲ್ಲಿನ ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕ. ಪರದೆ ಏಳುವ ಮೊದಲು ವಾದ್ಯದವರು ಮಾತ್ರ ನುಡಿಸುವುದು ಓವರ್ಚರ್. ಮೊಂತೆವೆರ್ದಿ 1607ರಲ್ಲಿ ಇಟಲಿಯ ಮಾಂಟುವಾದಲ್ಲಿ ಆಡಿಸಿದ 'ಓರ್ಫೆಯೊ' ತುತ್ತೂರಿಗಳ ಒಂದು ಮೊಳಗಿನಿಂದ ಶುರುವಾಗುತ್ತದೆ. ಪರದೆ ಏಳುವುದಕ್ಕೆ ಮುಂಚೆ ಅದನ್ನು ಮೂರು ಸಲ ನುಡಿಸಬೇಕು ಅಂತ ಬರೆದಿದೆ. ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ನನಗಂತೂ ಅದು ಅಬ್ಬರವೇ. ಮಾತು ನಿಲ್ಸಿ, ಕೂತ್ಕೊಳ್ಳಿ ಅನ್ನುವ ಸದ್ದು.

ಇನ್ನೂ ತಮಾಷೆ ಅಂದರೆ ರೊಸ್ಸಿನಿಯದು. 1816ರಲ್ಲಿ ಬಂದ 'ಸೆವಿಲ್ಲೆಯ ಕ್ಷೌರಿಕ' ನಗೆಯ ಒಪೆರಾ. ಅದರ ಓವರ್ಚರ್ ಅವನು ಆಗಲೇ ಎರಡು ಗಂಭೀರ ಒಪೆರಾಗಳಿಗೆ ಬಳಸಿದ್ದು, ಅದರಲ್ಲೊಂದು ಇಂಗ್ಲೆಂಡಿನ ರಾಣಿಯ ಕತೆ. ಯಾರಿಗೂ ತೊಂದರೆ ಆಗಲಿಲ್ಲ. ಮೊಜಾರ್ಟ್ ಹಾಗಲ್ಲ. 1787ರ ಅವನ 'ಡಾನ್ ಜೊವಾನ್ನಿ'ಯ ಓವರ್ಚರ್‌ನಲ್ಲಿ ಮೊದಲೇ ಬರುವ ಭಯದ ಸ್ವರಗಳು ಕೊನೆಗೆ ಕಲ್ಲಿನ ಪ್ರತಿಮೆ ಊಟಕ್ಕೆ ಬಂದು ನಿಂತಾಗ ಮತ್ತೆ ಕೇಳುತ್ತವೆ. ಕತೆಯ ಗುಟ್ಟು ಮೊದಲೇ ಹೇಳಿಬಿಟ್ಟಿರುತ್ತಾನೆ, ನಮಗೆ ಗೊತ್ತಾಗಿರುವುದಿಲ್ಲ ಅಷ್ಟೆ.

ಆ ಓವರ್ಚರ್‌ಗಳು ಆಮೇಲೆ ನಾಟಕ ಬಿಟ್ಟು ಹೊರಗೂ ಬದುಕಿದವು. ಕಛೇರಿಗಳಲ್ಲಿ ಅದನ್ನೊಂದೇ ನುಡಿಸುತ್ತಾರೆ. ಇಟಲಿಯ ಓವರ್ಚರ್‌ನ ಬೇಗ, ನಿಧಾನ, ಮತ್ತೆ ಬೇಗ ಅನ್ನುವ ಮೂರು ಭಾಗಗಳಿಂದಲೇ ಸಿಂಫನಿ ಬೆಳೆಯಿತು. ಹಾಗಾಗಿ ಒಪೆರಾ ಆಡದಿದ್ದರೂ ಓವರ್ಚರ್ ಉಳಿಯುತ್ತದೆ. ನಮ್ಮ ಪೂರ್ವರಂಗಕ್ಕೆ ಆ ಅನುಕೂಲ ಇಲ್ಲ. ಚಂಡೆಯನ್ನು ರೆಕಾರ್ಡ್ ಮಾಡಿ ಇಡಬಹುದು. ಕೋಡಂಗಿಯನ್ನು ಏನು ಮಾಡೋದು? ಕೋಡಂಗಿ ಕುಣಿಯುವವರು ಹೊಸದಾಗಿ ಮೇಳಕ್ಕೆ ಸೇರಿದ ಹುಡುಗರು. ಜನರ ಎದುರು ತಪ್ಪು ಹೆಜ್ಜೆ ಹಾಕಿ ಕಲಿಯುವ ಜಾಗ ಅದು. ಅಲ್ಲಿ ಪಳಗಿದವರು ಬಾಲಗೋಪಾಲ, ಆಮೇಲೆ ಸ್ತ್ರೀವೇಷ, ಹೀಗೆ ಮೇಲೆ ಹೋಗುತ್ತಿದ್ದರು.

ಅಪ್ಪಯ್ಯನೂ ಒಂದು ವರ್ಷ ಕೋಡಂಗಿ. ಹೊಸನಗರದ ಕಡೆ, ಹನ್ನೆರಡನೇ ವಯಸ್ಸಿನಲ್ಲಿ. ಬಾಲಗೋಪಾಲಕ್ಕೆ ಏರುವ ಮೊದಲೇ ಮನೆಯ ಕಷ್ಟಕ್ಕೆ ಬಿಟ್ಟರು, ಆಮೇಲೆ ಭದ್ರಾವತಿ, ಕಬ್ಬಿಣದ ಕಾರ್ಖಾನೆ. ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಟೆಂಟಿನ ಕಡೆಯಿಂದ ಚಂಡೆ ಕೇಳಿದರೆ ಮನೆಗೆ ಬರುತ್ತಲೇ ಇರಲಿಲ್ಲ, ಊಟದ ಡಬ್ಬಿ ಹಿಡಿದೇ ಆಟಕ್ಕೆ. ಅಮ್ಮ ಬೈಯುತ್ತಿದ್ದದ್ದು ನನಗೆ ಇನ್ನೂ ನೆನಪಿದೆ. ಅವರಿಗೆ ಗಡಿಯಾರ ಬೇಕಿರಲಿಲ್ಲ. ಬಡಿತ ಕೇಳಿಯೇ ಅಬ್ಬರವೋ, ಒಡ್ಡೋಲಗವೋ ಹೇಳುತ್ತಿದ್ದರು.

ಕಾಲಮಿತಿಯನ್ನು ನಾನು ಬೈಯುವುದಿಲ್ಲ. ಬೆಳಗಾದರೆ ಕೆಲಸಕ್ಕೆ ಹೋಗಬೇಕು, ರಾತ್ರಿಯಿಡೀ ಕೂರುವವರು ಎಷ್ಟು ಜನ? ನಾನೇ ಕೂರುವುದಿಲ್ಲ. ಆದರೆ ಕತ್ತರಿ ಮೊದಲು ಬಿದ್ದದ್ದು ಹುಡುಗರ ಪಾಲಿನ ಹೊತ್ತಿಗೆ. ದೊಡ್ಡ ವೇಷದವರ ಮಾತಿನಲ್ಲಿ ಅರ್ಧ ಗಂಟೆ ಕಡಿಮೆ ಮಾಡಿದ್ದರೆ ಆಗುತ್ತಿರಲಿಲ್ಲವೇ ಅನ್ನಿಸುತ್ತದೆ. ಹೀಗಂದರೆ ಅಭಿಮಾನಿಗಳು ನನ್ನ ಮೇಲೆ ಬರುತ್ತಾರೆ, ಬರಲಿ.

ಆಟ ಆಡಿಸಿದವರಲ್ಲಿ ಒಬ್ಬರಿಗೆ ಫೋನ್ ಮಾಡಿದೆ. ಅವರು ಒಳ್ಳೆಯವರೇ. "ಮುಂದಿನ ಸಲ ಹದಿನೈದು ನಿಮಿಷ ಪೂರ್ವರಂಗಕ್ಕೆ ಕೊಡೋಣ, ಎರಡು ಕೋಡಂಗಿ ಹುಡುಗರನ್ನ ನೀವೇ ಹುಡುಕಿ ಕೊಡಿ" ಅಂದರು.

ಅಪ್ಪಯ್ಯನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೀದಿಯಲ್ಲಿ ಕ್ರಿಕೆಟ್ ಆಡುತ್ತಿದ್ದ ಪಕ್ಕದ ಮನೆ ಹುಡುಗರನ್ನೇ ನೋಡುತ್ತ ಕೂತರು. ಆಮೇಲೆ ಕೇಳಿದರು: "ಅವ್ನಿಗೆ ಎಷ್ಟು ವರ್ಷ, ಆ ಬೌಲಿಂಗ್ ಮಾಡೋನಿಗೆ?"