ರಮಝಾನಿನ ಎಂಟನೆಯ ದಿನ



ನಮ್ಮ ಮನೆಯಲ್ಲಿ ಹುಟ್ಟುಹಬ್ಬ ಆಚರಿಸುವ ಕ್ರಮವಿಲ್ಲ. ತೀರಿಹೋದವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಊರವರನ್ನು ಕರೆದು ಊಟ ಹಾಕುವ ಪದ್ಧತಿಯನ್ನೂ ಅಬ್ಬ ಇಟ್ಟುಕೊಳ್ಳಲಿಲ್ಲ. ಆದರೂ ಒಂದು ದಿನವನ್ನು ಉಮ್ಮ ಎಂದೂ ಮರೆತವರಲ್ಲ. ಅದು ರಮಝಾನಿನ ಎಂಟು. ಆ ದಿನ ಒಂದಿಷ್ಟು ಅಕ್ಕಿ, ಎರಡು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ ಕಟ್ಟಿ, ಚಿಕ್ಕ ಮಕ್ಕಳಿರುವ ಯಾವುದಾದರೊಂದು ಬಡ ಮನೆಗೆ ಕಳುಹಿಸುತ್ತಾರೆ. ಯಾಕೆಂದು ಪಡೆದವರಿಗೆ ಹೇಳುವುದಿಲ್ಲ. ನಮಗೂ ಬಹಳ ವರ್ಷಗಳ ತನಕ ಹೇಳಿರಲಿಲ್ಲ.

2021ರಲ್ಲಿ ಅದೇ ದಿನ ಉಮ್ಮ ಕೊರೋನಾ ಲಸಿಕೆ ಹಾಕಿಸಿಕೊಂಡರು. ಬೇರೆ ಇಪ್ಪತ್ತೊಂಬತ್ತು ದಿನಗಳಿದ್ದರೂ ಅದೇ ದಿನವನ್ನು ಯಾಕೆ ಆರಿಸಿದರು ಎಂಬುದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು. ಅಂತಹ ಒಂದು ದಿನ ನಿಮ್ಮ ಮನೆಯ ಹಿರಿಯರ ಮನಸ್ಸಿನಲ್ಲೂ ಇರಬಹುದು.

ನಾನು ಹುಟ್ಟುವುದಕ್ಕೆ ಮೊದಲು ನನಗೊಬ್ಬಳು ಅಕ್ಕ ಇದ್ದಳು. 1978ರಲ್ಲಿ ಅವಳಿಗೆ ಮೂರು ವರ್ಷ. ಆ ವರ್ಷ ರಮಝಾನ್ ಬಂದದ್ದು ಆಗಸ್ಟಿನಲ್ಲಿ, ಬಿಡದೆ ಮಳೆ ಸುರಿಯುತ್ತಿದ್ದ ದಿನಗಳಲ್ಲಿ. ಬಂಟ್ವಾಳ ತಾಲೂಕಿನ ಒಳಭಾಗದಲ್ಲಿ ತೋಡಿನಾಚೆ ನಮ್ಮ ಮನೆ. ರಸ್ತೆಗೆ ಬರಬೇಕಾದರೆ ಅಡಿಕೆ ಮರದ ಸಂಕ ದಾಟಬೇಕು. ಅಕ್ಕನಿಗೆ ಮೊದಲು ಜ್ವರ, ನೆಗಡಿ, ಕಣ್ಣು ಕೆಂಪು. ಆಮೇಲೆ ಕಿವಿಯ ಹಿಂದಿನಿಂದ ಶುರುವಾಗಿ ಮೈಯೆಲ್ಲ ಕೆಂಪು ಗುಳ್ಳೆ. ದಡಾರ ಎಂದು ಹಿರಿಯರು ಹೇಳಿದರು. ಕೋಣೆಯ ಕಿಟಕಿ ಮುಚ್ಚಿದರು, ನೀರು ಮುಟ್ಟಿಸಬಾರದೆಂದರು, ಉಸ್ತಾದರು ಊದಿಕೊಟ್ಟ ನೀರು ಕುಡಿಸಿದರು. ಊರಿನಲ್ಲಿ ಇನ್ನೂ ಐದಾರು ಮಕ್ಕಳಿಗೆ ಬಂದಿತ್ತು. ಅವರೆಲ್ಲ ಎದ್ದು ಓಡಾಡತೊಡಗಿದ್ದರು. ಇವಳೂ ಏಳುತ್ತಾಳೆಂದು ಉಮ್ಮ ಪಕ್ಕದಲ್ಲಿ ಕುಳಿತು ಗೆರಸೆಯಲ್ಲಿ ಬೀಡಿ ಕಟ್ಟುತ್ತಿದ್ದರು. ಗುಳ್ಳೆ ಒಣಗುವ ಹೊತ್ತಿಗೆ ಉಸಿರಾಟ ಬಿರುಸಾಯಿತು. ಅಬ್ಬ ಹೊತ್ತುಕೊಂಡು ಹೊರಟರೆ ಸಂಕ ನೀರಿನಲ್ಲಿ ಕೊಚ್ಚಿಹೋಗಿತ್ತು. ಮರುದಿನ ಸುತ್ತು ದಾರಿಯಲ್ಲಿ ಪೇಟೆಯ ಡಾಕ್ಟರ ಬಳಿಗೆ ತಲುಪಿದಾಗ, ಶ್ವಾಸಕೋಶಕ್ಕೆ ಇಳಿದಿದೆ, ತಡವಾಯಿತು ಎಂದರಂತೆ. ಅಂದು ರಮಝಾನಿನ ಎಂಟು. ಇಫ್ತಾರಿಗೆ ಮೊದಲೇ ಅವಳು ಹೋಗಿಬಿಟ್ಟಳು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ದಡಾರದಿಂದ ಮಕ್ಕಳು ಸಾಯುವುದು ಹೆಚ್ಚಾಗಿ ಹೀಗೆಯೇ. ಗುಳ್ಳೆಯಿಂದಲ್ಲ, ಅದರ ಬೆನ್ನಿಗೆ ಬರುವ ನ್ಯುಮೋನಿಯಾದಿಂದ, ಭೇದಿಯಿಂದ. ವಿಟಮಿನ್ ಎ ಕೊರತೆ ಇರುವ ಮಕ್ಕಳಲ್ಲಿ ಕಣ್ಣೂ ಹೋಗುತ್ತದೆ. ಲಸಿಕೆ ಇಲ್ಲದವರ ನಡುವೆ ಒಬ್ಬರಿಂದ ಹನ್ನೆರಡರಿಂದ ಹದಿನೆಂಟು ಮಂದಿಗೆ ಹರಡುವಷ್ಟು ವೇಗ ಅದಕ್ಕೆ. ಇಷ್ಟೆಲ್ಲ ಗೊತ್ತಿದ್ದ ಅಮೆರಿಕದಲ್ಲಿ 1963ರಲ್ಲೇ ದಡಾರಕ್ಕೆ ಲಸಿಕೆ ಬಂದಿತ್ತು. ನಮ್ಮ ದೇಶದಲ್ಲಿ 1978ರಲ್ಲಿ, ಅಕ್ಕ ತೀರಿಕೊಂಡ ಅದೇ ವರ್ಷ, ಸರಕಾರ ಮಕ್ಕಳ ವಿಸ್ತೃತ ಲಸಿಕಾ ಕಾರ್ಯಕ್ರಮ ಆರಂಭಿಸಿತು. ಆದರೆ ಅದರಲ್ಲಿ ದಡಾರ ಸೇರಿರಲಿಲ್ಲ. ಸೇರಿದ್ದು 1985ರ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ. ಇಪ್ಪತ್ತೆರಡು ವರ್ಷ!

ಈ ಲೆಕ್ಕವನ್ನು ನಾನು ಉಮ್ಮನಿಗೆ ಹೇಳಿದ್ದು 2017ರಲ್ಲಿ. ಆ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ 9 ತಿಂಗಳಿಂದ 15 ವರ್ಷದವರೆಗಿನ ಮಕ್ಕಳಿಗೆ ದಡಾರ-ರುಬೆಲ್ಲಾ ಲಸಿಕೆ ಹಾಕುವ ಅಭಿಯಾನ ನಡೆಯಿತು. ನಿಮಗೂ ನೆನಪಿರಬಹುದು, ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲ ಎಂಬಂತಹ ಸುದ್ದಿಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತಿದ್ದವು. ಅವುಗಳ ತಂದೆತಾಯಿ ಯಾರೆಂದು ಇಂದಿಗೂ ಗೊತ್ತಿಲ್ಲ. ನನ್ನ ಮಗಳ ಶಾಲೆಯಿಂದ ಚೀಟಿ ಬಂದಾಗ ನೆರೆಮನೆಯವರು ಕೆಲವರು ಆ ದಿನ ಮಕ್ಕಳನ್ನು ಶಾಲೆಗೇ ಕಳುಹಿಸಲಿಲ್ಲ. ಉಮ್ಮ ಮಾತ್ರ, “ಯಾವುದಕ್ಕೆ ಇದು?” ಎಂದು ಕೇಳಿದರು. ದಡಾರಕ್ಕೆ ಎಂದೆ. “ಹಾಗಾದರೆ ಬೇಗ ಹೊರಡಿಸು” ಎಂದರು. ಅಷ್ಟೇ. ಅಕ್ಕನ ಕಥೆಯನ್ನು ಪೂರ್ತಿಯಾಗಿ ನಾನು ಕೇಳಿದ್ದು ಅಂದು ರಾತ್ರಿ.

ಅಂತಹ ಉಮ್ಮ 2021ರಲ್ಲಿ ತಮಗೇ ಲಸಿಕೆ ಬೇಡವೆಂದರು! ಮಾರ್ಚ್ 1ರಿಂದ ಅರುವತ್ತು ದಾಟಿದವರಿಗೆ ಕೊಡಲಾರಂಭಿಸಿದ್ದರು. ಅವರಿಗೆ ಅರುವತ್ತೈದು, ಜೊತೆಗೆ ಸಕ್ಕರೆ ಕಾಯಿಲೆ. ಹೆದರಿಕೆಯಿಂದಲ್ಲ, ಸುಳ್ಳು ಸುದ್ದಿ ನಂಬಿಯೂ ಅಲ್ಲ. “ನನಗೆ ಇನ್ನೆಷ್ಟು ದಿನ ಉಂಟು? ಇರುವುದನ್ನು ಮಕ್ಕಳಿರುವವರಿಗೆ ಕೊಡಲಿ” ಎಂಬುದು ಅವರ ವಾದ. ನಮ್ಮ ತಾಯಂದಿರ ಈ ವಾದಕ್ಕೆ ಉತ್ತರ ಕೊಡುವುದು ವಾಟ್ಸಾಪ್ ಸುದ್ದಿಗೆ ಉತ್ತರ ಕೊಡುವುದಕ್ಕಿಂತ ಕಷ್ಟ. ಮೀನಿನ ತಲೆಭಾಗ ತಮಗಿರಲಿ, ನಡುಭಾಗ ಮಕ್ಕಳಿಗಿರಲಿ ಎನ್ನುವವರಲ್ಲವೇ ಅವರು? ಲಸಿಕೆಯನ್ನೂ ಹಾಗೆಯೇ ಪಾಲು ಮಾಡಹೊರಟಿದ್ದರು.

ಆಯುಸ್ಸು ಅಲ್ಲಾಹನ ಕೈಯಲ್ಲಿದೆ, ಚುಚ್ಚಿಸಿಕೊಂಡರೂ ಚುಚ್ಚಿಸಿಕೊಳ್ಳದಿದ್ದರೂ ಬರುವುದು ಬಂದೇ ಬರುತ್ತದೆ ಎಂದು ಮಾಮ ಬಂದಾಗಲೆಲ್ಲ ಹೇಳುತ್ತಿದ್ದರು. ಆಯುಸ್ಸು ಅವನ ಕೈಯಲ್ಲಿದೆ ಎಂಬುದರಲ್ಲಿ ಯಾರಿಗೆ ಸಂಶಯ? ಆದರೆ ಖಲೀಫಾ ಉಮರ್(ರ) ಸಿರಿಯಾದ ದಾರಿಯಲ್ಲಿದ್ದಾಗ ಅಲ್ಲಿ ಪ್ಲೇಗ್ ಹರಡಿದೆಯೆಂದು ತಿಳಿದು, ಸಂಗಡಿಗರೊಂದಿಗೆ ಸಮಾಲೋಚಿಸಿ ಹಿಂದಿರುಗಿದ ಘಟನೆ ನಮ್ಮ ಮದ್ರಸದ ಮಕ್ಕಳಿಗೂ ಗೊತ್ತು. ಇದು ಅಲ್ಲಾಹನ ವಿಧಿಯಿಂದ ಓಡುವುದಲ್ಲವೇ ಎಂದು ಅಬೂ ಉಬೈದಾ(ರ) ಆಕ್ಷೇಪಿಸಿದಾಗ, ಹಿಂದಿರುಗುವುದೂ ಅದೇ ವಿಧಿಯೊಳಗಿನದೇ ಎಂಬರ್ಥದಲ್ಲಿ ಉಮರ್(ರ) ಉತ್ತರಿಸಿದ್ದರು. ನಾನು ಇದನ್ನು ಮಾಮನಿಗೆ ನೆನಪಿಸಿದೆ. ಅವರು ಸುಮ್ಮನಾದರು, ಆದರೆ ಉಮ್ಮ ಜಗ್ಗಲಿಲ್ಲ.

ಅವರನ್ನು ಜಗ್ಗಿಸಿದ್ದು ಆಶಾ ಕಾರ್ಯಕರ್ತೆಯ ಎರಡೇ ಎರಡು ಪದ. ರಮಝಾನ್ ಆರಂಭವಾಗಿ ಮೂರ್ನಾಲ್ಕು ದಿನವಾಗಿತ್ತು. ಎರಡನೆಯ ಅಲೆ ಏರುತ್ತಿತ್ತು. ಅರುವತ್ತು ದಾಟಿದವರ ಪಟ್ಟಿ ಹಿಡಿದು ಮನೆ ಮನೆಗೆ ಬರುತ್ತಿದ್ದ ಆಕೆಗೂ ಉಮ್ಮ ಅದೇ ಮಾತು ಹೇಳಿದರು: “ನನ್ನದನ್ನು ಈ ಮಕ್ಕಳಿಗೆ ಹಾಕಿ.” ಆಕೆ ನಕ್ಕು, “ಮಕ್ಕಳಿಗೆ ಎಲ್ಲಿ ಉಮ್ಮಾ? ಇನ್ನೂ ಬಂದಿಲ್ಲ” ಎಂದರು.

ಇನ್ನೂ ಬಂದಿಲ್ಲ. ಉಮ್ಮನ ಕೈಯಲ್ಲಿದ್ದ ಸೊಪ್ಪು ಹಾಗೆಯೇ ನಿಂತಿತು. ಮೊಮ್ಮಕ್ಕಳು ಅಂಗಳದಲ್ಲಿ ಆಡುತ್ತಿದ್ದರು. “ಮಕ್ಕಳಿಗೆ ಇಲ್ಲವಾ?” ಎಂದು ಮತ್ತೊಮ್ಮೆ ಕೇಳಿದರು. ಆಗ ಹದಿನೆಂಟು ವರ್ಷದ ಕೆಳಗಿನವರಿಗೆ ನಮ್ಮ ದೇಶದಲ್ಲಿ ಯಾವ ಕೊರೋನಾ ಲಸಿಕೆಯೂ ಇರಲಿಲ್ಲ. 15 ದಾಟಿದವರಿಗೆ ಶುರುವಾದದ್ದು 2022ರ ಜನವರಿ 3ಕ್ಕೆ. ಮನೆಯ ದೊಡ್ಡವರು ಹಾಕಿಸಿಕೊಂಡರೆ ಮಕ್ಕಳಿಗೂ ಅಷ್ಟು ಕ್ಷೇಮ, ನೀವು ಮಲಗಿಬಿಟ್ಟರೆ ಇವರನ್ನು ನೋಡುವವರು ಯಾರು ಎಂದು ಆಕೆ ಹೇಳಿಹೋದರು. ಮರುದಿನ ಸಹರಿಯ ಹೊತ್ತಿಗೆ ಉಮ್ಮ ಬೆರಳು ಮಡಚಿ ಎಣಿಸಿ, “ಎಂಟಕ್ಕೆ ಕರೆದುಕೊಂಡು ಹೋಗು” ಎಂದರು. ನಾನು ಯಾಕೆಂದು ಕೇಳಲಿಲ್ಲ.

ಕರಾವಳಿಯಲ್ಲಿ ಆ ವರ್ಷ ಎಪ್ರಿಲ್ 13ಕ್ಕೆ ಉಪವಾಸ ಆರಂಭ. ಆದ್ದರಿಂದ ಎಂಟನೆಯದು 20, ಮಂಗಳವಾರ. ಹಿಜರಿ ಲೆಕ್ಕದಲ್ಲಿ ಅಕ್ಕ ಹೋಗಿ ನಲ್ವತ್ತನಾಲ್ಕು ವರ್ಷ. ನೋಂಬು ಹಿಡಿದು ಚುಚ್ಚಿಸಿಕೊಳ್ಳಬಹುದೇ ಎಂಬ ಪ್ರಶ್ನೆ ಎದ್ದೇ ಎದ್ದಿತು. ನಮ್ಮ ಮಸೀದಿಯ ಉಸ್ತಾದರು ಬಿಡಿಸಿ ಹೇಳಿದರು: ಬಾಯಿ, ಮೂಗಿನಂತಹ ತೆರೆದ ದ್ವಾರಗಳ ಮೂಲಕ ದೇಹದ ಒಳಭಾಗಕ್ಕೆ ಹೋಗುವುದು ಉಪವಾಸ ಮುರಿಯುತ್ತದೆ, ತೋಳಿನ ಮಾಂಸಕ್ಕೆ ಚುಚ್ಚುವ ಮದ್ದು ಮುರಿಯುವುದಿಲ್ಲ. ಸೌದಿಯ ಮುಖ್ಯ ಮುಫ್ತಿಯೂ ಆ ರಮಝಾನಿಗೆ ಮೊದಲೇ ಇದನ್ನೇ ಹೇಳಿದ್ದರು. ಹಂದಿಯ ಅಂಶವಿದೆಯೆಂಬ ಮಾತಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕೆಲವು ಬೇರೆ ಲಸಿಕೆಗಳಲ್ಲಿ ಜೆಲಾಟಿನ್ ಬಳಸುವುದುಂಟು, ಪ್ರಶ್ನೆ ಹುಟ್ಟಿದ್ದು ಅಲ್ಲಿಂದ. ಉಮ್ಮನಿಗೆ ಕೊಟ್ಟ ಕೋವಿಶೀಲ್ಡ್‌ನಲ್ಲಿ ಅದು ಇಲ್ಲ.

ಆರೋಗ್ಯ ಕೇಂದ್ರದಲ್ಲಿ ಸಾಲು ಉದ್ದವಿತ್ತು. ಬುರ್ಖಾದ ತೋಳು ಮೇಲೆತ್ತಲು ಪರದೆಯ ಹಿಂದೆ ಒಬ್ಬರು ನರ್ಸ್. ಒಂದು ನಿಮಿಷದ ಕೆಲಸ. ಅರ್ಧ ಗಂಟೆ ಕಾಯಲು ಕುರ್ಚಿಯಲ್ಲಿ ಕೂರಿಸಿದಾಗ ಉಮ್ಮ ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದರು: “ಈ ರೋಗ ಬಂದು ಒಂದು ವರ್ಷದಲ್ಲಿ ಮದ್ದು ಬಂತಲ್ಲ. ಅದಕ್ಕೆ ಯಾಕೆ ಅಷ್ಟು ವರ್ಷ ಆಯ್ತು ಮಗಳೇ?”

ಓದುಗರೇ, ಇದಕ್ಕೆ ನೀವೇನು ಹೇಳುತ್ತಿದ್ದಿರಿ? ವಿಜ್ಞಾನ ಬಹಳ ಮುಂದುವರಿದಿದೆ ಎನ್ನಬಹುದಿತ್ತು, ಅದು ಸುಳ್ಳಲ್ಲ. ಆದರೆ ದಡಾರದ ಮದ್ದು ಕಂಡುಹಿಡಿಯುವುದು ತಡವಾಗಿರಲಿಲ್ಲ. ಅದು ತೋಡಿನಾಚೆಯ ಮನೆಗೆ ತಲುಪುವುದು ತಡವಾಯಿತು. ಈ ರೋಗ ವಿಮಾನ ಹತ್ತುವವರನ್ನೂ ಮಲಗಿಸಿತು, ಆದ್ದರಿಂದ ಎಲ್ಲರಿಗೂ ಅವಸರವಾಯಿತು ಎಂಬುದು ನನ್ನ ಅನಿಸಿಕೆ. ಅದನ್ನು ಉಮ್ಮನಿಗೆ ಹೇಳಲು ಮನಸ್ಸಾಗಲಿಲ್ಲ. ಅವರ ಕೈ ಹಿಡಿದುಕೊಂಡು ಕುಳಿತೆ.

ಆ ಸಂಜೆಯೂ ಅಕ್ಕಿ, ತೆಂಗಿನಕಾಯಿ, ಬೆಲ್ಲ ಒಂದು ಮನೆಗೆ ಹೋಯಿತು. ರಾತ್ರಿ ಉಮ್ಮನಿಗೆ ಜ್ವರ ಬಂತು, ಮೈಕೈ ನೋವು. ಒಂಬತ್ತನೆಯ ನೋಂಬು ಬಿಡಬೇಕಾಯಿತು. ರೋಗಿಗೆ ಅಲ್ಲಾಹನೇ ಕೊಟ್ಟ ರಿಯಾಯಿತಿ ಎಂದು ಹೇಳಿ ಒಪ್ಪಿಸಿದೆ; ಪೆರ್ನಾಳ್ ಕಳೆದ ಮೇಲೆ ಖಝಾ ಮಾಡಿದರು. ಎರಡನೆಯ ಡೋಸಿಗೆ ಆರರಿಂದ ಎಂಟು ವಾರ ಎಂದಿದ್ದರು. ಮೇ ತಿಂಗಳಲ್ಲಿ ಅದನ್ನು ಹನ್ನೆರಡರಿಂದ ಹದಿನಾರು ವಾರಕ್ಕೆ ಏರಿಸಿದರು. ಜುಲೈಯಲ್ಲಿ ಎರಡು ಸಲ ಹೋಗಿ, ಲಸಿಕೆ ಮುಗಿದಿದೆ ಎಂದು ಹಿಂದೆ ಬಂದು, ಮೂರನೆಯ ಸಲ ಸಿಕ್ಕಿತು. 2022ರ ಜನವರಿಯಲ್ಲಿ ಮನೆಯವರಿಗೆಲ್ಲ ಜ್ವರ ಬಂದಾಗ ಉಮ್ಮನೂ ಮಲಗಿದರು. ಲಸಿಕೆ ಹಾಕಿಸಿಕೊಂಡವರಿಗೆ ರೋಗ ಬರುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಐದು ದಿನ ಕೆಮ್ಮಿ ಎದ್ದು ಕುಳಿತರು, ಅಲ್‌ಹಮ್ದುಲಿಲ್ಲಾಹ್.

ಅದೇ ವರ್ಷದ ಕೊನೆಯಲ್ಲಿ ಮುಂಬೈಯ ಗೋವಂಡಿಯಲ್ಲಿ ದಡಾರ ಹರಡಿ ಮಕ್ಕಳು ಸತ್ತ ಸುದ್ದಿ ಟಿವಿಯಲ್ಲಿ ಬಂತು. ಇಕ್ಕಟ್ಟಿನ ಮನೆಗಳು, ಹೆಚ್ಚಿನವರು ನಮ್ಮವರೇ. ಕೊರೋನಾ ಕಾಲದಲ್ಲಿ ಅನೇಕ ಮಕ್ಕಳ ಮಾಮೂಲಿ ಲಸಿಕೆಗಳು ತಪ್ಪಿಹೋಗಿದ್ದವು. ಉಮ್ಮ ಟಿವಿ ಆರಿಸಿ, ತಮ್ಮನ ಮಗುವಿನ ತಾಯಿ ಕಾರ್ಡ್ ತರಿಸಿದರು. ಒಂಬತ್ತು ತಿಂಗಳು ತುಂಬಿದಾಗ ಒಂದು, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಂದು ಎಂದು ನನ್ನಿಂದ ಓದಿಸಿದರು. ಎರಡೂ ಆಗಿತ್ತು. ಅಷ್ಟಕ್ಕೆ ಬಿಡಲಿಲ್ಲ, ನೆರೆಮನೆಗಳ ಕಾರ್ಡುಗಳನ್ನೂ ಕೇಳತೊಡಗಿದರು. ಮೂರನೆಯ ಮನೆಯ ಸೊಸೆಯ ಕಾರ್ಡಿನಲ್ಲಿ ಎರಡನೆಯ ಚೌಕ ಖಾಲಿಯಿತ್ತು. ಮಗುವಿಗೆ ಎರಡು ವರ್ಷವಾಗುತ್ತ ಬಂದಿತ್ತು. ಮುಂದಿನ ಗುರುವಾರ ಬೆಳಿಗ್ಗೆ ಆ ಹುಡುಗಿಯನ್ನೂ ಮಗುವನ್ನೂ ಹೊರಡಿಸಿಕೊಂಡು, ಕೊಡೆ ಬಿಡಿಸಿ, ಮೊಣಕಾಲು ನೋವಿನ ಕಾಲೆಳೆಯುತ್ತಾ ಉಮ್ಮ ಅಂಗನವಾಡಿಯ ಕಡೆಗೆ ನಡೆದರು.