ನಿರ್ವಿಚಿಕಿತ್ಸೆ ಮತ್ತು ಕುಷ್ಠರೋಗಿಯ ಸೇವೆ

ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ, ಎಂದರೆ ಹೇಸಿಗೆಯಿಲ್ಲದಿರುವಿಕೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ನಿದರ್ಶನವಾಗಿ ಉದ್ದಾಯನ ಮಹಾರಾಜನನ್ನು ಹೆಸರಿಸಿದ್ದಾರೆ. ಅವನ ಕಥೆ ಶ್ರಾವಕರಿಗೆ ಪರಿಚಿತವೇ. ದೇವನೊಬ್ಬನು ಕುಷ್ಠದಿಂದ ಕೊಳೆತ ಮೈಯ ಮುನಿವೇಷದಲ್ಲಿ ಬಂದು ಆಹಾರ ಸ್ವೀಕರಿಸಿ, ಅಲ್ಲಿಯೇ ವಮನ ಮಾಡಿದನು. ಪರಿಜನರು ದುರ್ಗಂಧ ತಾಳಲಾರದೆ ಓಡಿದರು. ಅರಸನೂ ರಾಣಿ ಪ್ರಭಾವತಿಯೂ ತಾವು ಕೊಟ್ಟ ಆಹಾರವೇ ಅಹಿತವಾಯಿತೆಂದು ತಮ್ಮನ್ನು ನಿಂದಿಸಿಕೊಳ್ಳುತ್ತ ಆ ಮೈಯನ್ನು ತೊಳೆದರು. ಆಹಾರದಾನ ಮಾಡಿದ ಅರಸರು ಅನೇಕರು. ಉದ್ದಾಯನನನ್ನು ಶಾಸ್ತ್ರವು ನೆನೆಯುವುದು ತೊಳೆದ ಆ ಕೈಗಳಿಗಾಗಿ.

'ರೋಗ ಪೂರ್ವಕರ್ಮದ ಫಲ, ಅನುಭವಿಸಲಿ' ಎಂಬ ಮಾತು ಶ್ರಾವಕರ ಮನೆಗಳಲ್ಲಿಯೂ ಕೇಳಿಬರುವುದುಂಟು. ಇದು ಕರ್ಮಸಿದ್ಧಾಂತವನ್ನು ಅರ್ಧ ಓದಿದವರ ಮಾತು. ರೋಗಿಯ ವೇದನೆ ಅಸಾತಾವೇದನೀಯದ ಉದಯ. ಅದು ಅಘಾತಿ ಕರ್ಮ. ನೋಡುವವನ ಜುಗುಪ್ಸೆಯಾದರೋ ನೋಕಷಾಯಗಳಲ್ಲೊಂದು. ಮೋಹನೀಯಕ್ಕೆ ಸೇರಿದ ಅದು ಆತ್ಮಗುಣವನ್ನೇ ಕೆಡಿಸುವ ಘಾತಿ ಕರ್ಮ. ಪರರಿಗೆ ದುಃಖವನ್ನುಂಟುಮಾಡುವವನು ತಾನೂ ಅಸಾತಾವೇದನೀಯವನ್ನು ಕಟ್ಟಿಕೊಳ್ಳುವನೆಂದು ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಹೀಗಿರಲು ಇಬ್ಬರಲ್ಲಿ ಹೆಚ್ಚು ಮರುಕಕ್ಕೆ ಪಾತ್ರನಾದವನು ಹೇಸುವವನೇ.

ಲೋಕದ ಭಯಕ್ಕೆ ಇಂದು ಆಧಾರವೂ ಉಳಿದಿಲ್ಲ. ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲಿಯೇ ಈ ರೋಗದ ಕಾರಣ ಒಂದು ಸೂಕ್ಷ್ಮಾಣುವೆಂದು ಕಂಡುಕೊಂಡರು. ಇದು ವಂಶಪಾರಂಪರ್ಯವಲ್ಲ, ಹೆಚ್ಚಿನ ಜನರಲ್ಲಿ ಇದನ್ನು ತಡೆಯುವ ಶಕ್ತಿ ಸಹಜವಾಗಿಯೇ ಇರುತ್ತದೆ. ನರಗಳು ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುವುದರಿಂದ ಸುಟ್ಟ ಗಾಯವೂ ಅರಿವಿಗೆ ಬಾರದೆ ಬೆರಳುಗಳು ವಿಕಾರಗೊಳ್ಳುತ್ತವೆ. ಬಹುಔಷಧ ಚಿಕಿತ್ಸೆ 6 ಅಥವಾ 12 ತಿಂಗಳಲ್ಲಿ ರೋಗವನ್ನು ಗುಣಪಡಿಸುತ್ತದೆ. ಔಷಧ ಆರಂಭವಾದ ಸ್ವಲ್ಪ ಕಾಲದಲ್ಲಿಯೇ ರೋಗಿಯಿಂದ ಸೋಂಕು ಹರಡುವುದು ನಿಲ್ಲುತ್ತದೆ.

ಇದಕ್ಕೆ ಸಾಕ್ಷಿ ಮೈಸೂರಿಗೆ ಸಮೀಪದಲ್ಲಿಯೇ ಇದೆ. 1997ರವರೆಗೆ ಮೈಸೂರು ಜಿಲ್ಲೆಗೆ ಸೇರಿದ್ದ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ವ್ಯಾಪಕವಾಗಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ಸೇವೆಯಲ್ಲಿ ತೊಡಗಿದ್ದ ಡಾ. ಎಚ್. ಸುದರ್ಶನ್ ಅವರು ಅದರ ನಿವಾರಣೆಗಾಗಿ 1986ರಲ್ಲಿ ಕರುಣಾ ಟ್ರಸ್ಟ್ ಸ್ಥಾಪಿಸಿದರು. ಸಂಸ್ಥೆಯ ಲೆಕ್ಕದಂತೆ 1987ರಲ್ಲಿ ಸಾವಿರಕ್ಕೆ 21.4ರಷ್ಟಿದ್ದ ರೋಗ 2005ರ ವೇಳೆಗೆ 0.28ಕ್ಕೆ ಇಳಿಯಿತು. ಕುಷ್ಠರೋಗದಿಂದ ಮೊದಲಾದ ಕಾರ್ಯ ಕ್ಷಯ, ಮೂರ್ಛೆರೋಗ, ಮನೋರೋಗಗಳ ಚಿಕಿತ್ಸೆಗೂ ಹಬ್ಬಿತು. ಕೃತ, ಕಾರಿತಗಳಂತೆ ಅನುಮೋದನೆಯೂ ಪುಣ್ಯವೆನ್ನುವ ಜೈನರು ಇದನ್ನು ಮನಸಾರೆ ಅನುಮೋದಿಸಬೇಕು.

ಚತುರ್ವಿಧ ದಾನಗಳಲ್ಲಿ ಔಷಧದಾನದ ಭಾರವನ್ನು ಇಲ್ಲಿ ಸರ್ಕಾರವೇ ಹೊತ್ತಿದೆ. ಈ ಔಷಧ ಉಚಿತ. ಉಳಿದಿರುವುದು ಅಭಯದಾನ. 1898ರ ಕುಷ್ಠರೋಗಿಗಳ ಕಾಯಿದೆ 2016ರಲ್ಲಿ ರದ್ದಾಯಿತು. ಕುಷ್ಠವನ್ನು ವಿವಾಹ ವಿಚ್ಛೇದನಕ್ಕೆ ಕಾರಣವಾಗಿಸಿದ್ದ ವಿಧಿಯನ್ನು 2019ರಲ್ಲಿ ತೆಗೆದುಹಾಕಲಾಯಿತು. ಕಾಯಿದೆ ಬಿಟ್ಟುಕೊಟ್ಟ ಹೇಸಿಗೆಯನ್ನು ಮನೆಗಳು ಇನ್ನೂ ಬಿಟ್ಟಿಲ್ಲ. ಮೈಯ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡವನು ಅದನ್ನು ಬಚ್ಚಿಡುವುದು ರೋಗಕ್ಕೆ ಹೆದರಿಯಲ್ಲ, ನೆರೆಯವರಿಗೆ ಹೆದರಿ. ಆ ವಿಳಂಬದಲ್ಲಿಯೇ ಅವನ ಕೈಕಾಲು ಊನವಾಗುತ್ತವೆ.

ಮೈಸೂರು ನಗರದ ಬಸದಿಗಳ ಆಡಳಿತ ಮಂಡಳಿಗಳು ಚರ್ಮರೋಗ ತಪಾಸಣೆಗೆ ತಮ್ಮ ಸಭಾಂಗಣವನ್ನು ವರ್ಷಕ್ಕೊಮ್ಮೆ ತೆರೆಯಬಹುದು. ಗುಣಹೊಂದಿದವರಿಗೆ ಕೆಲಸ ಕೊಡಬಹುದು. ಅನ್ನದಾನದ ದಿನ ಅವರನ್ನು ಹೊರಬಾಗಿಲಲ್ಲಿ ನಿಲ್ಲಿಸದೆ ಪಂಕ್ತಿಯಲ್ಲಿ ಎಲ್ಲರೊಡನೆ ಕೂರಿಸಬಹುದು. ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಪಕ್ಕದಲ್ಲಿ ಕುಳಿತು ಉಣ್ಣುವ ಒಬ್ಬ ಶ್ರಾವಕ ಬೇಕು.